ಓದುಗರ ಪ್ರಶ್ನೆ: ಪ್ರಾಸ ಕೂಡಿದರೂ ಹಾಡು ಸಪ್ಪೆ ಏಕೆ?

ಪ್ರಶ್ನೆ: ನಾನು ಬರೆಯುವ ಸಾಲುಗಳೆಲ್ಲ ‘ಬಂದೆನು–ಹೋದೆನು’, ‘ಮನದಲ್ಲಿ–ಊರಿನಲ್ಲಿ’ ಎಂದೇ ಮುಗಿಯುತ್ತವೆ. ಒಳ್ಳೆಯ ಪ್ರಾಸಪದ ಹುಡುಕುವುದು ಹೇಗೆ?

ಉತ್ತರ: ನಿಮ್ಮ ಸಾಲುಗಳಲ್ಲಿ ಕೂಡಿರುವುದು ಪ್ರತ್ಯಯ ಮಾತ್ರ. ಕನ್ನಡ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಿಂದ ಮುಗಿಯುತ್ತದೆ, ನಾಮಪದಕ್ಕೆ ವಿಭಕ್ತಿ ಅಂಟಿಕೊಳ್ಳುತ್ತದೆ. ಹಾಗಾಗಿ ‘ಎನು’, ‘ಅಲ್ಲಿ’, ‘ಇಂದ’ ಯಾವ ಸಾಲಿಗೂ ಪುಕ್ಕಟೆ ಸಿಗುತ್ತವೆ, ಕಿವಿಗೆ ಅದರಲ್ಲಿ ಹೊಸತೇನೂ ಕೇಳಿಸುವುದಿಲ್ಲ. ಪ್ರತ್ಯಯ ಕಳೆದು ಉಳಿದ ಪದ ನೋಡಿ. ‘ಮನ’ಕ್ಕೂ ‘ಊರು’ಗೂ ನಂಟಿಲ್ಲ, ‘ಮನ–ಬನ’ ಕೂಡುತ್ತದೆ, ಆದ್ದರಿಂದ ‘ಮನದಲ್ಲಿ–ಬನದಲ್ಲಿ’ ನಿಲ್ಲುತ್ತದೆ. (ಜೋಡಿ ಸವೆದುಹೋಗಿದೆ ಎಂಬುದು ಬೇರೆ ಮಾತು.)

ಪದ ಹುಡುಕಲು ನಿಘಂಟು ಹೆಚ್ಚು ನೆರವಾಗದು, ಅದು ಮೊದಲಕ್ಷರದ ಕ್ರಮದಲ್ಲಿರುತ್ತದೆ. ಕಾಗದ ಹಿಡಿದು ಕೂರಿ. ನಿಮಗೆ ಬೇಕಾದ ಪದ ‘ಮಳೆ’ ಎನ್ನೋಣ. ‘ಳೆ’ಯನ್ನು ಹಾಗೇ ಇಟ್ಟು, ಮೊದಲಕ್ಷರವನ್ನು ವರ್ಣಮಾಲೆಯ ಉದ್ದಕ್ಕೂ ಬದಲಿಸುತ್ತ ಹೋಗಿ: ಅಳೆ, ಕಳೆ, ತಳೆ, ಬಳೆ, ಹಳೆ. ಎರಡನೆಯ ಸುತ್ತಿನಲ್ಲಿ ಅದರ ಸ್ವರವನ್ನೂ ಬದಲಿಸಿ: ಇಳೆ, ಎಳೆ, ಬೆಳೆ, ಸೆಳೆ, ಕೊಳೆ, ತೊಳೆ, ಹೊಳೆ. ಮೂರನೆಯದರಲ್ಲಿ ದೀರ್ಘ: ನಾಳೆ, ಬಾಳೆ, ವೇಳೆ. ಹತ್ತು ನಿಮಿಷದೊಳಗೆ 15 ಪದ ಕೈಯಲ್ಲಿರುತ್ತವೆ.

ಮೂರನೆಯ ಸುತ್ತಿನ ಪದಗಳನ್ನು ಎಚ್ಚರದಿಂದ ಬಳಸಿ. ‘ಮಳೆ’ಗೆ 2 ಮಾತ್ರೆ (ಉಚ್ಚಾರದ ಕಾಲದ ಅಳತೆ), ‘ನಾಳೆ’ಗೆ 3. ಟ್ಯೂನ್ ಮೊದಲೇ ಗೊತ್ತಾಗಿದ್ದರೆ ಆ ಒಂದು ಮಾತ್ರೆ ತಾಳದಿಂದ ಹೊರಗೆ ಚೆಲ್ಲುತ್ತದೆ. ಹಳೆಯ ಆದಿಪ್ರಾಸದಲ್ಲಿಯೂ, ಅಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕೆಂಬ ಕಟ್ಟಿನಲ್ಲಿಯೂ, ಹ್ರಸ್ವದ ಜೊತೆ ದೀರ್ಘ ಬೆರೆಸುವಂತಿರಲಿಲ್ಲ. ಆ ಅಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹಪ್ರಾಸ, ದೀರ್ಘವಿದ್ದರೆ ಗಜಪ್ರಾಸ. 1911ರಲ್ಲಿ ಕವಿ ಗೋವಿಂದ ಪೈಗಳು ಆದಿಪ್ರಾಸವನ್ನೇ ಬಿಟ್ಟರು; ಇಂದು ಅದು ಕಡ್ಡಾಯವಲ್ಲ. ಆದರೆ ಆ ನಿಯಮದ ಹಿಂದಿರುವ ಕಿವಿಯ ಲೆಕ್ಕ ಹಾಡಿಗೆ ಈಗಲೂ ಬೇಕು.

‘ಮಳೆ–ಕಲೆ’, ‘ಹಣ–ಮನ’ ಬೇಡ. ಓದುವಾಗ ಲ-ಳ, ನ-ಣ ತಪ್ಪಿಸಿಕೊಳ್ಳಬಹುದು, ಗಾಯಕರು ಸ್ಪಷ್ಟವಾಗಿ ಉಚ್ಚರಿಸಿದ ಕೂಡಲೇ ಬಿರುಕು ಕೇಳುತ್ತದೆ.

ಪಟ್ಟಿ ಸಿಕ್ಕ ಮೇಲೆಯೇ ಹೆಚ್ಚಿನವರು ಎಡವುವುದು. ‘ಸುರಿಯುತಿದೆ ಮಳೆ, ಕೈಯಲ್ಲಿ ಬಳೆ’ ಎಂದರೆ ಬಳೆ ಪ್ರಾಸಕ್ಕಾಗಿಯೇ ಬಂದದ್ದು ಎಲ್ಲರಿಗೂ ತಿಳಿಯುತ್ತದೆ. ಪಟ್ಟಿಯಲ್ಲಿ ನಿಮ್ಮ ಹಾಡಿನ ಸಂಗತಿಗೆ ಸೇರುವ ಪದವನ್ನಷ್ಟೇ ಉಳಿಸಿಕೊಳ್ಳಿ. ಹುಡುಕಿ ತಂದ ಪದವನ್ನು ಮೊದಲ ಸಾಲಿಗೆ ಹಾಕಿ, ಹೇಳಲೇಬೇಕಾದ ಪದವನ್ನು ಎರಡನೆಯದಕ್ಕೆ ಇಡಿ. ಆಗ ಪ್ರಾಸ ಕೂಡುವ ಹೊತ್ತಿಗೆ ಕಿವಿಗೆ ಬೀಳುವುದು ಸಹಜವಾದ ಪದ:

ಬದುವಿನವರೆಗೂ ಬಂದಿದೆ ಹೊಳೆ
ತಗ್ಗಲು ಇನ್ನೂ ಒಲ್ಲದು ಮಳೆ

ಎರಡೂ ಸಾಲು 4+4+4+2 ಮಾತ್ರೆ. ಗದ್ಯದಲ್ಲಾದರೆ ‘ಮಳೆ ಇನ್ನೂ ತಗ್ಗಲು ಒಲ್ಲದು’ ಎನ್ನುತ್ತಿದ್ದೆವು. ಇಲ್ಲಿ ‘ಒಲ್ಲದು’ ಒಳಗೆ ಸರಿದು ಕೊನೆಯ ಜಾಗ ನಾಮಪದಕ್ಕೆ ಸಿಕ್ಕಿದೆ. ನಿಮ್ಮ ‘ಬಂದೆನು–ಹೋದೆನು’ ಸಾಲುಗಳಲ್ಲೂ ಮೊದಲು ಇದನ್ನೇ ಮಾಡಿ ನೋಡಿ: ಕ್ರಿಯಾಪದವನ್ನು ನಡುವಿಗೆ ತಂದು, ಕೊನೆಗೆ ಯಾವ ನಾಮಪದ ಉಳಿಯುತ್ತದೋ ಅದಕ್ಕೆ ಪಟ್ಟಿ ಬರೆಯಿರಿ.