ಬದುವಿನ ಪೊದೆ ಬಿಟ್ಟರೆ ಹುಳ ಜಾಸ್ತಿ ಆಗುತ್ತಾ?

ಪ್ರಶ್ನೆ: ನಾವು ವಿಜಯಪುರ ಕಡೆಯವರು, ಈಗ ಪುಣೆಯಲ್ಲಿದ್ದೇವೆ. ಮುಳಶಿ ತಾಲ್ಲೂಕಿನಲ್ಲಿ ಸ್ವಲ್ಪ ಹೊಲ ತೊಗೊಂಡಿದ್ದೇವೆ. ಅರ್ಧ ಭತ್ತದ ಗದ್ದೆ, ಉಳಿದದ್ದು ತೊಗರಿ, ಅವರೆಗೆ. ಜೆಸಿಬಿ ತರಿಸಿ ಬದು ಸ್ವಚ್ಛ ಮಾಡಿಸಿ, ಇಲ್ಲದಿದ್ದರೆ ಹುಳ, ಹಾವು ಜಾಸ್ತಿ ಆಗುತ್ತವೆ ಅಂತ ಎಲ್ಲರೂ ಹೇಳುತ್ತಾರೆ. ಏನು ಮಾಡೋಣ?

ಉತ್ತರ: ದಯವಿಟ್ಟು ಜೆಸಿಬಿ ತರಿಸಬೇಡಿ. ಪುಣೆಯ ಸುತ್ತ ಹೊಲ ಮಾಡಿದ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆ ಇದು. ಕೇಳುವ ಹೊತ್ತಿಗೆ ಎಷ್ಟೋ ಸಲ ಬದು ಬೋಳಾಗಿರುತ್ತದೆ. ನೀವು ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ಬೆಳೆ ತಿನ್ನುವ ಹುಳಕ್ಕೆ ಬೇಕಾದದ್ದು ಬೆಳೆ, ಅದು ಗದ್ದೆಯಲ್ಲೇ ಇದೆ. ಆದರೆ ಆ ಹುಳವನ್ನು ತಿನ್ನುವ ಜೀವಿಗಳಿಗೆ ಬೆಳೆ ಇಲ್ಲದ ತಿಂಗಳುಗಳಲ್ಲೂ ಜಾಗ ಬೇಕು. ಆ ಜಾಗವೇ ಬದು. ಜೇಡಗಳು ಭತ್ತದ ಜಿಗಿಹುಳ ಹಿಡಿಯುತ್ತವೆ. ಗುಲಗಂಜಿ ಹುಳ ಗಿಡದ ಹೇನು ತಿನ್ನುತ್ತದೆ. ಕಣ್ಣಿಗೆ ಕಾಣದಷ್ಟು ಚಿಕ್ಕ ಟ್ರೈಕೋಗ್ರಾಮಾ ಕಣಜ ಪತಂಗದ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುತ್ತದೆ, ಹಾಗಾಗಿ ಆ ಮೊಟ್ಟೆಯಿಂದ ಕೊರಕ ಹುಳ ಹೊರಗೆ ಬರುವುದೇ ಇಲ್ಲ. ಈ ಕಣಜ ಬದುಕುವುದು ಹೂವಿನ ಮಕರಂದದ ಮೇಲೆ. ಬದುವಿನಲ್ಲಿ ಹೂವಿಲ್ಲದಿದ್ದರೆ ಅದು ನಿಮ್ಮ ಹೊಲದಲ್ಲಿ ಯಾಕೆ ಉಳಿಯಬೇಕು? ಜೇಡ ಸತ್ತ ಗದ್ದೆಯಲ್ಲಿ ಕಂದು ಜಿಗಿಹುಳ ಮತ್ತಷ್ಟು ಹೆಚ್ಚುತ್ತದೆ. ಕೀಟನಾಶಕ ಹೊಡೆದ ಮೇಲೇ ಅದು ವಿಪರೀತವಾಗುವುದು ಏಷ್ಯಾದ ಭತ್ತದ ನಾಡುಗಳಲ್ಲೆಲ್ಲ ಕಂಡ ಸಂಗತಿ.

ಮಳೆಗಾಲಕ್ಕೆ ಮುಂಚೆ ರಾಜಮಾಚಿ ಕಡೆ ಮಿಂಚುಹುಳ ನೋಡಲು ಪುಣೆಯಿಂದ ಜನ ಹೋಗುತ್ತಾರಲ್ಲ, ಅವುಗಳ ಮರಿಗಳು ಬಸವನಹುಳ ತಿಂದು ಬೆಳೆಯುತ್ತವೆ. ಅವಕ್ಕೆ ತೇವದ ತರಗೆಲೆ ಬೇಕು. ಗುಡಿಸಿ ಬೆಂಕಿ ಹಚ್ಚಿದ ಬದುವಿನಲ್ಲಿ ಅದು ಎಲ್ಲಿ ಸಿಗುತ್ತದೆ? ಈ ಕಡೆ ಬೇಸಿಗೆಯಲ್ಲಿ ಗುಡ್ಡದ ಹುಲ್ಲಿಗೆ ಬೆಂಕಿ ಬೀಳುವುದು ಮಾಮೂಲು. ನಿಮ್ಮ ಗಡಿಯಲ್ಲಿ ಒಂದು ಪಟ್ಟಿ ಹುಲ್ಲು ಮೊದಲೇ ಕೊಯ್ದಿಡಿ, ಬೆಂಕಿ ಒಳಗೆ ದಾಟುವುದು ಕಷ್ಟವಾಗುತ್ತದೆ.

ಎಲ್ಲವನ್ನೂ ಬಿಡಿ ಅಂತ ನಾನು ಹೇಳುತ್ತಿಲ್ಲ. ಲಂಟಾನ ಬೇರುಸಹಿತ ಕೀಳಿಸಿ. ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಕಳೆ, ಹೂ ಬಿಡುವ ಮೊದಲೇ ಕೈಗವಸು ಹಾಕಿಕೊಂಡು ಕಿತ್ತುಬಿಡಿ. 1950ರ ದಶಕದಲ್ಲಿ ಈ ಕಳೆ ಹಬ್ಬುತ್ತಿರುವುದನ್ನು ಗುರುತಿಸಿದ್ದು ಪುಣೆಯಲ್ಲೇ. ಅದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಎಲೆಯೆಲ್ಲ ತೂತಾಗಿದ್ದರೆ ಅದು ಈ ದುಂಬಿಯ ಕೆಲಸ ಇರಬಹುದು, ಕೊಲ್ಲಬೇಡಿ. ಗದ್ದೆಗೆ ಅಂಟಿದ ಹುಲ್ಲನ್ನು ಕೊಯ್ದು ದನಕ್ಕೆ ಹಾಕಿ, ಕೆಲವು ಪೀಡೆಗಳು ಅಲ್ಲಿ ಅಡಗುವುದು ನಿಜ. ಆದರೆ ಕಳೆನಾಶಕ ಬೇಡ. ಲಕ್ಕಿ, ಹೊಂಗೆ, ಕವಳಿ, ಬೋರೆ, ಅತ್ತಿ ಇದ್ದರೆ ಮುಟ್ಟಬೇಡಿ.

ಹಾವಿನ ಭಯ ಸುಮ್ನೆ ಅಲ್ಲ. ಇಲ್ಲಿ ಕೊಳಕುಮಂಡಲ ಇದೆ, ಮರಾಠಿಯವರ ಘೋಣಸ್. ಮನೆ, ಪಂಪ್ ಶೆಡ್ಡು, ಓಡಾಡುವ ದಾರಿ, ಇಷ್ಟರ ಸುತ್ತ ಚೊಕ್ಕಟವಾಗಿರಲಿ. ಗಮ್‌ಬೂಟು ಹಾಕಿ, ಕತ್ತಲಲ್ಲಿ ಟಾರ್ಚ್ ಇಲ್ಲದೆ ಕಾಲಿಡಬೇಡಿ. ದೂರದ ಬದುವಿನಲ್ಲಿ ಕೇರೆಹಾವು ಇದ್ದರೆ ಇರಲಿ, ಅದು ಇಲಿ ತಿನ್ನುತ್ತದೆ.

ಹೊಸದಾಗಿ ಏನಾದರೂ ಹಾಕಲೇಬೇಕು ಅನ್ನಿಸಿದರೆ ತೊಗರಿಯ ಮಧ್ಯೆ ಅಕ್ಕಡಿ ಸಾಲಾಗಿ ಗುರೆಳ್ಳು ಬಿತ್ತಿ. ಮುಳಶಿಯ ರೈತರಿಗೂ ಅದು ಗೊತ್ತು, ಅವರು ಕಾರಳೆ ಅನ್ನುತ್ತಾರೆ. ಗುರೆಳ್ಳು ಕಾಳು ಕಟ್ಟಬೇಕಾದರೆ ಬೇರೆ ಗಿಡದ ಪರಾಗ ಬೇಕು, ಹಾಗಾಗಿ ಜೇನು ಬಂದೇ ಬರಬೇಕು. ತುಡುವೆ ಪೆಟ್ಟಿಗೆ ಇಡುವ ಆಸೆ ಇದ್ದರೆ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಪುಣೆಯಲ್ಲೇ ಇದೆ, ಮೊದಲು ಅಲ್ಲಿ ವಿಚಾರಿಸಿ. ಆದರೆ ಪೆಟ್ಟಿಗೆಗೆ ಅವಸರ ಬೇಡ. ಒಂದು ಮಳೆಗಾಲ ಪೂರ್ತಿ ಬದುವನ್ನು ನೋಡಿ, ಯಾವ ಗಿಡ ಯಾವಾಗ ಹೂ ಬಿಡುತ್ತದೆ ಅಂತ ಬರೆದಿಟ್ಟುಕೊಳ್ಳಿ. ಹೂವಿಲ್ಲದ ತಿಂಗಳು ಯಾವುದು ಅಂತ ಗೊತ್ತಾದರೆ, ಆ ತಿಂಗಳಿಗೆ ತಕ್ಕ ಗಿಡ ನೆಡಬಹುದು.