ಕಾರ್ನೆಗಿ ಕಟ್ಟಿಸಿಕೊಟ್ಟರು, ಚಾವಣಿ ಸೋರಿದರೆ ಯಾರು ನೋಡಬೇಕು?

ಹಳೆಯ ಕಟ್ಟಡಗಳ ದುರಸ್ತಿ ನನ್ನ ಕಸುಬು. ಗ್ರಂಥಾಲಯದ ಕೆಲಸ ಬಂದರೆ ನಾನು ಮೊದಲು ಹತ್ತುವುದು ಚಾವಣಿಗೆ. ಮುಂಬಾಗಿಲ ಕಮಾನು, ಕಂಬದ ಕೆತ್ತನೆ, ದಾನಿಯ ಹೆಸರು ಕೊರೆದ ಕಲ್ಲು ಎಲ್ಲ ಆಮೇಲೆ. ಮಳೆನೀರು ಹರಿಯುವ ದೋಣಿಯಲ್ಲಿ ಎಲೆ ಕೊಳೆತು ಗಿಡ ಹುಟ್ಟಿದೆಯಾ, ತಗಡಿನ ಸಂದು ಬಿಟ್ಟಿದೆಯಾ ಅಂತ ನೋಡುತ್ತೇನೆ. ಆ ಕಟ್ಟಡಕ್ಕೆ ವರ್ಷ ವರ್ಷ ದುಡ್ಡು ಬರುತ್ತಿದೆಯೋ ಇಲ್ಲವೋ ಅಲ್ಲೇ ಗೊತ್ತಾಗಿಬಿಡುತ್ತದೆ.

ದಾನದಿಂದ ಎದ್ದ ಗ್ರಂಥಾಲಯಗಳ ಕಷ್ಟವೆಲ್ಲ ಇಲ್ಲೇ ಇದೆ. ಕಟ್ಟುವುದಕ್ಕೆ ಕೊಡುವವರು ಸಿಗುತ್ತಾರೆ. ಕಟ್ಟಿದ್ದನ್ನು ನೂರು ವರ್ಷ ನೋಡಿಕೊಳ್ಳುವುದಕ್ಕೆ ಯಾರು ಕೊಡುತ್ತಾರೆ? ಈ ಪ್ರಶ್ನೆಗೆ ಮೂರ್ನಾಲ್ಕು ಬಗೆಯ ಉತ್ತರ ಪ್ರಯತ್ನಿಸಿ ನೋಡಿದ ಸೀಮೆ ಒಂದಿದೆ: ಅಮೆರಿಕದ ಪಶ್ಚಿಮ ಪೆನ್ಸಿಲ್ವೇನಿಯಾ. ಪಿಟ್ಸ್‌ಬರ್ಗ್ ನಗರ, ಅದರ ಪಕ್ಕದ ಮನಾಂಗಹೀಲಾ ನದಿಯ ದಂಡೆಯ ಉಕ್ಕಿನ ಊರುಗಳು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ದುಡ್ಡು ಮಾಡಿದ್ದೂ ಇಲ್ಲೇ, ಅಮೆರಿಕದಲ್ಲಿ ಗ್ರಂಥಾಲಯ ಕಟ್ಟಿಸಲು ಶುರುಮಾಡಿದ್ದೂ ಇಲ್ಲೇ.

ಕಾರ್ನೆಗಿ ಹುಟ್ಟಿದ್ದು 1835ರಲ್ಲಿ, ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ. ಅಪ್ಪ ಕೈಮಗ್ಗದ ನೇಕಾರ. ಯಂತ್ರದ ಮಗ್ಗ ಬಂದು ಕಸುಬು ಮುರಿದುಬಿದ್ದಾಗ 1848ರಲ್ಲಿ ಸಂಸಾರ ಪಿಟ್ಸ್‌ಬರ್ಗ್ ಎದುರಿನ ಆಲಿಗೆನಿ ಊರಿಗೆ ಬಂತು. ಹುಡುಗ ಮೊದಲು ಹತ್ತಿ ಗಿರಣಿಗೆ ಸೇರಿದ, ಆಮೇಲೆ ಟೆಲಿಗ್ರಾಂ ಹಂಚಿದ. ಆ ಊರಲ್ಲಿ ಕರ್ನಲ್ ಜೇಮ್ಸ್ ಆಂಡರ್ಸನ್ ಎಂಬುವರು ತಮ್ಮ ಸ್ವಂತದ ನಾನೂರು ಪುಸ್ತಕಗಳನ್ನು ದುಡಿಯುವ ಹುಡುಗರಿಗೆ ಓದಲು ಕೊಡುತ್ತಿದ್ದರು. ಮುಂದೆ ಅದು ದೊಡ್ಡ ಗ್ರಂಥಾಲಯವಾದಾಗ ಒಂದು ನಿಯಮ ಬಂತು. ಕಸುಬು ಕಲಿಯಲು ಕರಾರು ಮಾಡಿಕೊಂಡ ಹುಡುಗರಿಗೆ ಮಾತ್ರ ಪುಕ್ಕಟೆ, ಉಳಿದವರು ವರ್ಷಕ್ಕೆ ಎರಡು ಡಾಲರ್ ಕೊಡಬೇಕು. ಟೆಲಿಗ್ರಾಂ ಹುಡುಗನಿಗೆ ಎರಡು ಡಾಲರ್ ಎಲ್ಲಿಂದ ಬರಬೇಕು? 1853ರಲ್ಲಿ ಅವನು ಪತ್ರಿಕೆಗೇ ಕಾಗದ ಬರೆದ. ನಿಯಮ ಸಡಿಲವಾಯಿತು. ಮುಂದೆ ಕಾರ್ನೆಗಿ ಗ್ರಂಥಾಲಯಗಳಿಗೆ ಸುರಿದ ಹಣಕ್ಕೆಲ್ಲ ಬೇರು ಇದೇ ಅಂತ ಅವರೇ ಹೇಳಿಕೊಂಡಿದ್ದಾರೆ.

ಅಮೆರಿಕದಲ್ಲಿ ಅವರ ಮೊದಲ ಗ್ರಂಥಾಲಯ ತೆರೆದದ್ದು 1889ರಲ್ಲಿ, ಬ್ರ್ಯಾಡಕ್ ಎಂಬ ಊರಲ್ಲಿ. ಅಲ್ಲಿ ಅವರ ಎಡ್ಗರ್ ಥಾಮ್ಸನ್ ಉಕ್ಕಿನ ಕಾರ್ಖಾನೆ 1875ರಿಂದ ನಡೆಯುತ್ತಿತ್ತು, ಇವತ್ತೂ ನಡೆಯುತ್ತಿದೆ. ವಿಲಿಯಂ ಹಾಲ್ಸಿ ವುಡ್ ನಕ್ಷೆ ಮಾಡಿದ ಗಟ್ಟಿಮುಟ್ಟಾದ ಕಲ್ಲಿನ ಕಟ್ಟಡ ಅದು. ಅದರ ನೆಲಮಾಳಿಗೆಯಲ್ಲಿ ಸ್ನಾನದ ಮನೆ ಇತ್ತು. ಕುಲುಮೆಯ ಮುಂದೆ ಬೆವರು, ಮಸಿ ಮೆತ್ತಿಕೊಂಡು ಬಂದವರು ಕೆಳಗೆ ಸ್ನಾನ ಮಾಡಿ ಮೇಲೆ ಪುಸ್ತಕಕ್ಕೆ ಹೋಗಬಹುದಿತ್ತು. ಬಿಲಿಯರ್ಡ್ಸ್ ಮೇಜುಗಳೂ ಇದ್ದವು. 1893ರಲ್ಲಿ ಸಂಗೀತ ಸಭಾಂಗಣ, ವ್ಯಾಯಾಮ ಶಾಲೆ, ಈಜುಕೊಳ ಸೇರಿಕೊಂಡವು. ಗ್ರಂಥಾಲಯ ಅಂದರೆ ಬರೀ ಕಪಾಟು ಅಂದುಕೊಂಡವರು ಇದರ ನಕ್ಷೆಯನ್ನು ಒಮ್ಮೆ ನೋಡಬೇಕು. ಊರಿನವರ ಇಡೀ ದಿನಚರಿ ಒಂದೇ ಚಾವಣಿಯ ಕೆಳಗಿದೆ.

ಇದನ್ನು ನೋಡಿಕೊಳ್ಳುವ ಖರ್ಚು? ಅದು ಕಾರ್ಖಾನೆಯ ಕಡೆಯಿಂದಲೇ. 1901ರಲ್ಲಿ ಕಾರ್ನೆಗಿ ತಮ್ಮ ಉಕ್ಕಿನ ಕಂಪನಿ ಮಾರಿದ ಕೂಡಲೇ ಕಾರ್ಮಿಕರಿಗಾಗಿ ಐವತ್ತು ಲಕ್ಷ ಡಾಲರಿನ ಬಾಂಡುಗಳನ್ನು ಎತ್ತಿಟ್ಟರು. ಅದರಲ್ಲಿ ಹತ್ತು ಲಕ್ಷದ ಬಡ್ಡಿ ಬ್ರ್ಯಾಡಕ್, ಹೋಮ್‌ಸ್ಟೆಡ್, ಡ್ಯೂಕೇನ್ ಊರುಗಳ ಮೂರು ಗ್ರಂಥಾಲಯಗಳಿಗೆ. ಬಡ್ಡಿ ದರ ಶೇಕಡ 5. ಅಂದರೆ ವರ್ಷಕ್ಕೆ ಐವತ್ತು ಸಾವಿರ, ಮೂರು ಕಟ್ಟಡಕ್ಕೆ. ಆ ಕಾಲಕ್ಕೆ ಅದು ಧಾರಾಳ ಹಣ. ಆದರೆ ಬಡ್ಡಿ ಇದ್ದಷ್ಟೇ ಇರುತ್ತದೆ. ಕಲ್ಲಿದ್ದಲಿನ ಬೆಲೆ, ಜವಾನನ ಸಂಬಳ, ಗಾರೆ ಕೆಲಸದ ಕೂಲಿ ಇದ್ದಷ್ಟೇ ಇರುತ್ತದಾ?

ಡ್ಯೂಕೇನ್‌ನ ಗ್ರಂಥಾಲಯವನ್ನು 1968ರಲ್ಲಿ ಕೆಡವಿದರು. ಬ್ರ್ಯಾಡಕ್‌ನದು 1974ರಲ್ಲಿ ಬಾಗಿಲು ಹಾಕಿತು. ಅದನ್ನೂ ಕೆಡವುವುದರಲ್ಲಿದ್ದರು. ಅಲ್ಲಿನ ಕೊನೆಯ ಗ್ರಂಥಪಾಲಕ ಡೇವಿಡ್ ಸಾಲಮನ್ ಮುಂದೆ ನಿಂತರು, ಊರಿನ ಕೆಲವರು ಜೊತೆಯಾದರು, ಕಟ್ಟಡ ಒಂದು ಡಾಲರಿಗೆ ಅವರ ಕೈಗೆ ಬಂತು. 1983ರಲ್ಲಿ ಮತ್ತೆ ತೆರೆಯಿತು. ಅದೂ ಒಂದು ಕೋಣೆಯಿಂದ ಶುರು. ಒಂದು ಕಾಲಕ್ಕೆ ಇಪ್ಪತ್ತು ಸಾವಿರ ಜನರಿದ್ದ ಬ್ರ್ಯಾಡಕ್‌ನಲ್ಲಿ ಈಗ ಎರಡು ಸಾವಿರಕ್ಕೂ ಕಡಿಮೆ ಜನರಿದ್ದಾರೆ. ಆದರೂ ಗ್ರಂಥಾಲಯ ಉಳಿದುಕೊಂಡಿತು. ಆ ಹಳೆಯ ಸ್ನಾನದ ಮನೆಯಲ್ಲಿ ಊರವರು ಮಣ್ಣಿನ ಪಾತ್ರೆ ಮಾಡಲು ಕಲಿತರು. ಪುಸ್ತಕದ ಹಾಗೇ ಕಲಾಕೃತಿಗಳನ್ನೂ ಮನೆಗೆ ಎರವಲು ಕೊಡುವ ಪದ್ಧತಿ ಬಂತು. ನನ್ನ ಮಟ್ಟಿಗೆ ಇಡೀ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಸಂರಕ್ಷಣೆಯ ಕೆಲಸ ಇಲ್ಲ. ಇದನ್ನು ಶುರುಮಾಡಿದ್ದು ವಾಸ್ತುಶಿಲ್ಪಿಯಲ್ಲ, ಒಬ್ಬ ಗ್ರಂಥಪಾಲಕ ಎಂಬುದನ್ನು ನನ್ನ ಜೊತೆ ಕೆಲಸ ಮಾಡುವ ಎಳೆಯರಿಗೆ ಹೇಳುತ್ತಲೇ ಇರುತ್ತೇನೆ.

ಹೋಮ್‌ಸ್ಟೆಡ್ ಕತೆ ಬೇರೆ. 1892ರ ಜುಲೈನಲ್ಲಿ ಅಲ್ಲಿನ ಕಾರ್ಖಾನೆಯಲ್ಲಿ ಮುಷ್ಕರ ನಡೆದು, ಕಂಪನಿ ಕರೆಸಿದ ಪಿಂಕರ್‌ಟನ್ ಕಾವಲುಗಾರರಿಗೂ ಕಾರ್ಮಿಕರಿಗೂ ನದಿದಂಡೆಯಲ್ಲಿ ಗುಂಡಿನ ಕಾಳಗವಾಯಿತು. ಎರಡೂ ಕಡೆ ಜನ ಸತ್ತರು. ಸಂಘ ಮುರಿದುಬಿತ್ತು. ಆರು ವರ್ಷ ಕಳೆದು 1898ರಲ್ಲಿ, ಕಾರ್ಖಾನೆಗೆ ಎದುರಿನ ದಿಬ್ಬದ ಮೇಲೆ, ಸಾವಿರ ಜನ ಕೂರುವ ಸಂಗೀತ ಸಭಾಂಗಣವಿರುವ ಭವ್ಯ ಗ್ರಂಥಾಲಯ ಎದ್ದಿತು. ಹನ್ನೆರಡು ಗಂಟೆ ಪಾಳಿ ಮುಗಿಸಿದವನು ಯಾವಾಗ ಓದಬೇಕು? ಕಾರ್ಮಿಕರು ಕೇಳಿದ ಈ ಮಾತಿಗೆ ಕಟ್ಟಡ ಎಷ್ಟು ಚೆನ್ನಾಗಿದ್ದರೂ ಉತ್ತರವಾಗುವುದಿಲ್ಲ. ಉಕ್ಕಿನ ಕಾರ್ಖಾನೆಗಳಲ್ಲಿ ಆ ಹನ್ನೆರಡು ಗಂಟೆ ಪಾಳಿ ನಿಲ್ಲಲು 1923ರವರೆಗೆ ಕಾಯಬೇಕಾಯಿತು. ದಾನದ ಕಟ್ಟಡ ದುರಸ್ತಿ ಮಾಡುವಾಗ ಈ ಕತೆಯನ್ನೂ ಫಲಕದ ಮೇಲೆ ಬರೆಸಬೇಕು ಅಂತ ನಾನು ಪಟ್ಟು ಹಿಡಿಯುತ್ತೇನೆ. ದಾನಿಗಳ ಮನೆತನಕ್ಕೆ, ಟ್ರಸ್ಟಿನವರಿಗೆ ಕೆಲವೊಮ್ಮೆ ಇಷ್ಟವಾಗುವುದಿಲ್ಲ. ಆದರೂ ಬರೆಸಬೇಕು.

ಹೋಮ್‌ಸ್ಟೆಡ್ ಕಾರ್ಖಾನೆ 1986ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಈಗ ಅಂಗಡಿಗಳ ಸಾಲಿದೆ. ಗ್ರಂಥಾಲಯ ಮಾತ್ರ ಇದೆ. ಅದು ಉಳಿಯಲು ಈಜುಕೊಳ, ಸಭಾಂಗಣಗಳೇ ಬಹುಮಟ್ಟಿಗೆ ಕಾರಣ. ಈಜುಕೊಳವಿರುವ ಗ್ರಂಥಾಲಯದ ಕ್ಲಬ್ಬಿಗೆ ಸದಸ್ಯರು ಶುಲ್ಕ ಕೊಡುತ್ತಾರೆ, ಸಭಾಂಗಣದಲ್ಲಿ ಟಿಕೆಟ್ ಇಟ್ಟು ಸಂಗೀತ ಕಛೇರಿ ನಡೆಯುತ್ತದೆ.

ಇನ್ನೊಂದು ದಾರಿ ತೆರಿಗೆಯದು. ನನಗೆ ಇದೇ ಮುಖ್ಯ. 1881ರಲ್ಲಿ ಕಾರ್ನೆಗಿ ಪಿಟ್ಸ್‌ಬರ್ಗ್ ನಗರಕ್ಕೆ ಎರಡೂವರೆ ಲಕ್ಷ ಡಾಲರ್ ಕೊಡುತ್ತೇನೆ ಅಂದರು. ಗ್ರಂಥಾಲಯ ನಡೆಸುವ ಖರ್ಚು ಮಾತ್ರ ನಗರದ್ದು. ಗ್ರಂಥಾಲಯಕ್ಕೆ ತೆರಿಗೆ ಹಣ ಹಾಕುವ ಅಧಿಕಾರ ಕಾನೂನಿನಲ್ಲಿ ಇಲ್ಲವೆಂದು ನಗರ ಹಿಂದೆಗೆಯಿತು. ಪಕ್ಕದ ಆಲಿಗೆನಿ ಒಪ್ಪಿತು, ವರ್ಷಕ್ಕೆ ಹದಿನೈದು ಸಾವಿರ ಕೊಡುವುದಾಗಿ ಠರಾವು ಮಾಡಿತು. 1890ರಲ್ಲಿ ಅಲ್ಲಿನ ಗ್ರಂಥಾಲಯ ತೆರೆಯಿತು. ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಬಂದಿದ್ದರು. ಅದೇ ವರ್ಷ ಪಿಟ್ಸ್‌ಬರ್ಗ್ ಕೂಡ ಒಪ್ಪಿಕೊಂಡಿತು. ಈ ಸಲ ಕೊಡುಗೆ ಹತ್ತು ಲಕ್ಷ, ನಗರದ ಪಾಲು ವರ್ಷಕ್ಕೆ ನಲವತ್ತು ಸಾವಿರ. ಓಕ್ಲೆಂಡ್ ಬಡಾವಣೆಯ ಮುಖ್ಯ ಗ್ರಂಥಾಲಯ 1895ರಲ್ಲಿ ಶುರುವಾಯಿತು. ಬಾಗಿಲ ಮೇಲೆ ಕೊರೆದಿರುವುದು ‘ಜನರಿಗೆ ಉಚಿತ’ ಎಂಬ ಅರ್ಥದ ಮಾತು.

ಇದೇ ಮುಂದೆ ಜಗತ್ತಿಗೆಲ್ಲ ಸೂತ್ರವಾಯಿತು. ಜಾಗ ಊರಿನವರು ಕೊಡಬೇಕು. ಕೊಡುಗೆಯ ಶೇಕಡ 10ರಷ್ಟನ್ನು ಪ್ರತಿ ವರ್ಷ ಊರಿನ ತೆರಿಗೆಯಿಂದ ಖರ್ಚು ಮಾಡುತ್ತೇವೆ ಅಂತ ಬರೆದುಕೊಡಬೇಕು. ಆಗ ಕಟ್ಟಡಕ್ಕೆ ಹಣ. ಈ ಷರತ್ತಿನ ಮೇಲೆ ಅಮೆರಿಕದಲ್ಲಿ 1,600ಕ್ಕೂ ಹೆಚ್ಚು, ಜಗತ್ತಿನಲ್ಲಿ 2,500ಕ್ಕೂ ಹೆಚ್ಚು ಗ್ರಂಥಾಲಯಗಳು ಎದ್ದವು. ಕಾರ್ನೆಗಿಯ ಕಾರ್ಯದರ್ಶಿ ಜೇಮ್ಸ್ ಬರ್ಟ್ರಾಂ ಒಬ್ಬೊಬ್ಬರ ಅರ್ಜಿಯನ್ನೂ ಜರಡಿ ಹಿಡಿಯುತ್ತಿದ್ದರು. ಊರುಗಳು ಗುಮ್ಮಟ, ಕಂಬಸಾಲು ಅಂತ ಆಡಂಬರಕ್ಕೆ ಹೋಗುವುದನ್ನು ಕಂಡು 1911ರಿಂದ ಒಂದು ಕಿರುಹೊತ್ತಿಗೆಯನ್ನೇ ಕಳಿಸತೊಡಗಿದರು. ಕಿಟಕಿಯನ್ನು ನೆಲದಿಂದ ಆರು ಅಡಿ ಮೇಲಿಡಿ, ಕೆಳಗೆ ಗೋಡೆಯುದ್ದಕ್ಕೂ ಕಪಾಟು ಬರಲಿ ಎಂಬಂಥ ಸಲಹೆಗಳು ಅದರಲ್ಲಿವೆ. ಇವತ್ತಿಗೂ ಒಳ್ಳೆಯ ಸಲಹೆ.

ಷರತ್ತು ಜಾಣತನದ್ದೇ, ಆದರೆ ಒಂದು ಕೊರತೆ ಉಳಿಯಿತು. ಹತ್ತು ಪರ್ಸೆಂಟ್ ಅಂದರೆ ಯಾವುದರ ಹತ್ತು? ಮೊದಲು ಕೊಟ್ಟ ಹಣದ್ದು. ಹತ್ತು ಸಾವಿರ ಕೊಟ್ಟಿದ್ದರೆ ವರ್ಷಕ್ಕೆ ಸಾವಿರ. ಬೆಲೆ ಏರಿದ ಹಾಗೆ ಆ ಸಾವಿರವೂ ಏರಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಸಂಬಳ, ಪುಸ್ತಕ, ದೀಪದ ಖರ್ಚು ತಪ್ಪಿಸಲಾಗುವುದಿಲ್ಲ. ತಪ್ಪಿಸಬಹುದಾದ್ದು ಚಾವಣಿ ಒಂದೇ.

ಚಾವಣಿ ತಪ್ಪಿದರೆ ಏನಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ಕಟ್ಟಡಗಳಲ್ಲಿ ದೋಣಿ ಹೆಚ್ಚಾಗಿ ಗೋಡೆಯ ತಲೆಯ ಮೇಲೇ, ಕಲ್ಲಿನ ಅಂಚಿನ ಹಿಂದೆ ಅಡಗಿರುತ್ತದೆ. ತಾಮ್ರದ ತಗಡಿನ ಒಂದು ಸಂದು ಬಿಟ್ಟರೆ ನೀರು ಹೊರಗೆ ಬೀಳುವುದಿಲ್ಲ, ಗೋಡೆಯೊಳಗೆ ಇಳಿಯುತ್ತದೆ. ವರ್ಷಗಟ್ಟಲೆ ಯಾರಿಗೂ ಕಾಣುವುದಿಲ್ಲ. ಕಾಣುವ ಹೊತ್ತಿಗೆ ತೊಲೆಯ ತುದಿ ಕೊಳೆತಿರುತ್ತದೆ. ಆಗ ಯಾರೋ ಬಂದು ಕಲ್ಲಿನ ಸಂದುಗಳಿಗೆ ಸಿಮೆಂಟ್ ಮೆತ್ತುತ್ತಾರೆ. ಹಳೆಯ ಸುಣ್ಣದ ಗಾರೆ ಮೆತ್ತಗಿರುತ್ತದೆ, ಒದ್ದೆಯನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ಬಿಡುವುದಿಲ್ಲ. ಒಳಗೆ ಸಿಕ್ಕ ನೀರು ಕಲ್ಲಿನ ಮೂಲಕವೇ ಹೊರಬರಲು ನೋಡುತ್ತದೆ. ಪಿಟ್ಸ್‌ಬರ್ಗಿನ ಚಳಿಯಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿ, ಮರಳುಗಲ್ಲಿನ ಮುಖ ಹಪ್ಪಳದ ಹಾಗೆ ಎದ್ದು ಉದುರುತ್ತದೆ. ಮೊದಲ ವರ್ಷವೇ ಒಬ್ಬ ತಗಡಿನ ಕೆಲಸದವನನ್ನು ಕರೆಸಿದ್ದರೆ ಮುಗಿಯುತ್ತಿತ್ತು.

ಮಸಿಯ ವಿಷಯಕ್ಕೂ ತಾಳ್ಮೆ ಬೇಕು. ಓಕ್ಲೆಂಡ್ ಕಟ್ಟಡ ಉಕ್ಕಿನ ಊರಿನ ಹೊಗೆಗೆ ಎಷ್ಟು ಕಪ್ಪಾಗಿತ್ತೆಂದರೆ ಕಲ್ಲಿನ ಬಣ್ಣವೇ ಕಪ್ಪು ಅಂದುಕೊಂಡವರಿದ್ದರು. 1990ರ ಸುಮಾರಿಗೆ ತೊಳೆದಾಗ ತಿಳಿ ಬಣ್ಣ ಹೊರಬಂತು. ತೊಳೆಯುವ ಕೆಲಸದಲ್ಲಿ ನನ್ನ ನಿಯಮ ಒಂದೇ: ಮರಳು ಊದುವ ಯಂತ್ರ ಬೇಡ. ಅದು ಮಸಿಯ ಜೊತೆ ಕಲ್ಲಿನ ಗಟ್ಟಿ ಚರ್ಮವನ್ನೂ ಕಿತ್ತುಹಾಕುತ್ತದೆ, ಆಮೇಲೆ ಆ ಕಲ್ಲು ಇನ್ನೂ ಬೇಗ ಸವೆಯುತ್ತದೆ.

ಭಾರದ ಲೆಕ್ಕ ಇನ್ನೊಂದು. ಈಗಿನ ಅಮೆರಿಕದ ನಿಯಮದಂತೆ ಓದುವ ಕೋಣೆಯ ನೆಲ ಚದರಡಿಗೆ 60 ಪೌಂಡ್, ಅಂದರೆ ಸುಮಾರು 27 ಕಿಲೋ ಹೊರಬೇಕು. ಪುಸ್ತಕದ ಕಪಾಟು ತುಂಬಿದ ಕೋಣೆಗೆ 150 ಪೌಂಡ್, ಸುಮಾರು 68 ಕಿಲೋ. ಜಾಗ ಸಾಲದೆಂದು ಸುಮ್ನೆ ಓದುವ ಕೋಣೆಗೆ ಕಪಾಟು ತುಂಬಿಸುವವರು ಈ ವ್ಯತ್ಯಾಸ ನೆನಪಿಡಬೇಕು.

ಆಲಿಗೆನಿ ಕಟ್ಟಡಕ್ಕೆ 2006ರಲ್ಲಿ ಸಿಡಿಲು ಬಡಿಯಿತು. ಗಡಿಯಾರ ಗೋಪುರದ ಕಲ್ಲು ಚಾವಣಿ ಸೀಳಿಕೊಂಡು ಒಳಗೆ ಬಿತ್ತು. ಗ್ರಂಥಾಲಯ 2009ರಲ್ಲಿ ಹತ್ತಿರದ ಹೊಸ ಕಟ್ಟಡಕ್ಕೆ ಹೋಯಿತು. ಹಳೆಯದನ್ನು ಪಕ್ಕದ ಮಕ್ಕಳ ಮ್ಯೂಸಿಯಂ ವಹಿಸಿಕೊಂಡು 2019ರಲ್ಲಿ ಸ್ವಲ್ಪ ದೊಡ್ಡ ವಯಸ್ಸಿನ ಮಕ್ಕಳಿಗೆ ಕಲಿಕೆಯ ತಾಣ ಮಾಡಿತು. ಕಟ್ಟಡ ಉಳಿಯಿತು, ಪುಸ್ತಕ ಹೋಯಿತು. ಕೆಡವುವುದಕ್ಕಿಂತ ಎಷ್ಟೋ ಮೇಲು, ಆದರೂ ನನಗೆ ಪೂರ್ತಿ ಸಮಾಧಾನವಿಲ್ಲ. ಅಮೆರಿಕದಲ್ಲಿ ತೆರಿಗೆಯ ಷರತ್ತು ಮೊದಲು ಒಪ್ಪಿದ್ದು ಇದೇ ಊರು, ಅಲ್ವಾ.

ಅದೇ 2009ರಲ್ಲಿ ಪಿಟ್ಸ್‌ಬರ್ಗ್ ಗ್ರಂಥಾಲಯ ಮಂಡಳಿ ದುಡ್ಡಿಲ್ಲವೆಂದು ಕೆಲವು ಶಾಖೆ ಮುಚ್ಚಲು ತೀರ್ಮಾನಿಸಿತು. ಪಟ್ಟಿಯಲ್ಲಿ ಲಾರೆನ್ಸ್‌ವಿಲ್ ಕೂಡ ಇತ್ತು. 1898ರ ಈ ಶಾಖೆ ಸಾಮಾನ್ಯದ್ದಲ್ಲ. ಜನರೇ ಕಪಾಟಿನಿಂದ ಪುಸ್ತಕ ತೆಗೆದುಕೊಳ್ಳುವ ಹಾಗೆ ಯೋಜಿಸಿ, ಮಕ್ಕಳಿಗೆಂದೇ ಕೋಣೆ ಕಟ್ಟಿದ ಮೊದಮೊದಲ ಗ್ರಂಥಾಲಯಗಳಲ್ಲಿ ಇದು ಒಂದು. ಅರ್ಧಚಂದ್ರದ ಕೋಣೆ, ಕಿರಣಗಳಂತೆ ಹರಡಿದ ಕಪಾಟುಗಳು, ನಡುವೆ ಕೂತ ಗ್ರಂಥಪಾಲಕಿಗೆ ಎಲ್ಲ ಸಾಲೂ ಕಾಣುತ್ತದೆ. ಬಡಾವಣೆಯ ಜನ ಬೀದಿಗಿಳಿದರು. ತುರ್ತು ಹಣ ಸಿಕ್ಕಿ ಮುಚ್ಚುವುದು ನಿಂತಿತು. 2011ರ ನವೆಂಬರಿನಲ್ಲಿ ಗ್ರಂಥಾಲಯಕ್ಕೆಂದೇ ಆಸ್ತಿ ತೆರಿಗೆ ಸ್ವಲ್ಪ ಏರಿಸಬೇಕಾ ಅಂತ ಮತಕ್ಕೆ ಹಾಕಿದರು. ಮತ ಹಾಕಿದ ಹತ್ತರಲ್ಲಿ ಏಳು ಜನ ಹೂಂ ಅಂದರು. ಈ ತೆರಿಗೆ ಆಸ್ತಿಯ ಬೆಲೆಗೆ ಕಟ್ಟಿದ್ದು. ಬೆಲೆ ಏರಿದರೆ ಅದೂ ಏರಬಲ್ಲದು. 1890ರ ಠರಾವಿನಲ್ಲಿ ಇರದಿದ್ದದ್ದು ಇದೇ.

ಕರ್ನಾಟಕದಲ್ಲಿ ಆಸ್ತಿ ತೆರಿಗೆ ಕಟ್ಟುವವರು ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. 1965ರ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು, ಬೆಂಗಳೂರಿನಲ್ಲಿ ತೆರಿಗೆಯ ಶೇಕಡ 6. ಕಾರ್ನೆಗಿ ಊರೂರಿಗೆ ಕೇಳಿ ಪಡೆದ ಮಾತನ್ನು ನಮ್ಮಲ್ಲಿ ಕಾನೂನೇ ಕೊಟ್ಟಿದೆ.

ದಾನ ಕೊಡಲು ಬರುವವರಿಗೆ ನಾನು ಒಂದು ಮಾತು ಹೇಳುತ್ತೇನೆ. ದುರಸ್ತಿಗೆ ನೂರು ರೂಪಾಯಿ ಕೊಡುವ ಮನಸ್ಸಿದ್ದರೆ ಎಪ್ಪತ್ತನ್ನು ದುರಸ್ತಿಗೆ ಕೊಡಿ, ಮೂವತ್ತನ್ನು ಮುಂದಿನ ನಿರ್ವಹಣೆಗೆ ಇಡಿ. ಅದರ ಬಡ್ಡಿಯಲ್ಲಿ ಒಂದು ಪಾಲನ್ನು ಮತ್ತೆ ಅಸಲಿಗೆ ಸೇರಿಸಿ, ಇಲ್ಲದಿದ್ದರೆ ಬೆಲೆಯೇರಿಕೆ ಅದನ್ನು ತಿಂದುಹಾಕುತ್ತದೆ. ಜೊತೆಗೆ ಊರಿನಿಂದಲೂ ವರ್ಷದ ಪಾಲು ಬರೆಸಿಕೊಳ್ಳಿ, ಐದು ವರ್ಷಕ್ಕೊಮ್ಮೆ ಅದು ಏರಬೇಕು ಅಂತಲೂ ಬರೆಸಿಕೊಳ್ಳಿ. ಉದ್ಘಾಟನೆಯ ದಿನ ಹೂವಿನ ಹಾರ ಕಡಿಮೆಯಾದರೆ ಪರವಾಗಿಲ್ಲ.

ಪಿಟ್ಸ್‌ಬರ್ಗಿಗೆ ಬರುವ ಕನ್ನಡಿಗರು ಹೆಚ್ಚಿನವರು ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗಿಯೇ ಹೋಗುತ್ತಾರೆ. ಅಲ್ಲಿಂದ ಬ್ರ್ಯಾಡಕ್ ಕಾರಿನಲ್ಲಿ ತುಂಬಾ ಹತ್ತಿರ. ಹಳೆಯ ಕಟ್ಟಡ, ದುರಸ್ತಿ ಕೆಲಸ ಮುಗಿಯುವಂಥದ್ದಲ್ಲ, ಹಾಗಾಗಿ ತೆರೆದಿರುವ ದಿನ ವಿಚಾರಿಸಿಕೊಂಡು ಹೊರಡಿ. ಒಳಗೆ ಹೋಗಲು ಆಗದಿದ್ದರೂ ಕಟ್ಟಡವನ್ನು ಒಂದು ಸುತ್ತು ಹಾಕಿ. 1889ರ ಭಾಗ ಎಲ್ಲಿಗೆ ಮುಗಿಯುತ್ತದೆ, 1893ರಲ್ಲಿ ಸೇರಿಸಿದ್ದು ಎಲ್ಲಿಂದ ಶುರುವಾಗುತ್ತದೆ ಅಂತ ಕಲ್ಲು ನೋಡಿ ಗುರುತಿಸಲು ಪ್ರಯತ್ನಿಸಿ. ಸಮಯವಿದ್ದರೆ ಅದೇ ದಿನ ಹೋಮ್‌ಸ್ಟೆಡ್, ಲಾರೆನ್ಸ್‌ವಿಲ್ ಎರಡನ್ನೂ ನೋಡಬಹುದು. ಮಕ್ಕಳು ಜೊತೆಗಿದ್ದರೆ ಮೊದಲು ಲಾರೆನ್ಸ್‌ವಿಲ್‌ಗೆ ಹೋಗಿ.