ಪಿ16 ಪಾಸಿಟಿವ್ ಬಂದರೆ ಗರ್ಭಕಂಠದ್ದೇ ಅಂತ ಹೇಳಬಹುದಾ?

ಮಣಿಪಾಲ, ಮಂಗಳೂರಿನಲ್ಲಿ ಪ್ಯಾಥಾಲಜಿ ಓದುತ್ತಿರುವ ಪಿಜಿ ಗೆಳೆಯರಿಗಾಗಿ ಈ ಟಿಪ್ಪಣಿ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ನ್ಯೂರೋಎಂಡೋಕ್ರೈನ್ ಕಾರ್ಸಿನೋಮದ (ನರ, ಹಾರ್ಮೋನ್ ಜೀವಕೋಶಗಳ ಗುಣ ತೋರುವ ಕ್ಯಾನ್ಸರ್) ಪಾಲು ಶೇ 2ಕ್ಕಿಂತ ಕಡಿಮೆ. ಅದರಲ್ಲಿ ಸ್ಮಾಲ್ ಸೆಲ್ (ಚಿಕ್ಕ ಜೀವಕೋಶಗಳ) ಬಗೆ ಜಾಸ್ತಿ. ಇದನ್ನು ಗುರುತಿಸುವ ಸಿನಾಪ್ಟೋಫೈಸಿನ್, ಕ್ರೋಮೋಗ್ರಾನಿನ್, ಐಎನ್‌ಎಸ್‌ಎಂ1 ಸ್ಟೇನ್‌ಗಳು (ಆಯಾ ಪ್ರೋಟೀನ್ ಇದ್ದರೆ ಸ್ಲೈಡ್ ಮೇಲೆ ಬಣ್ಣ ತೋರಿಸುವ ಪರೀಕ್ಷೆಗಳು) ಗೊತ್ತಿದ್ದದ್ದೇ. ಸಿಡಿ56 ಸ್ಟೇನ್ ಒಂದನ್ನೇ ನಂಬಬೇಡಿ, ಬೇರೆ ಗೆಡ್ಡೆಗಳಲ್ಲೂ ಅದು ಪಾಸಿಟಿವ್ ಬರುತ್ತದೆ.

ತೊಡಕು ಇರುವುದು ಮುಂದೆ. ಕುಂದಾಪುರದಿಂದ ಬಂದ ಒಬ್ಬ ಹೆಂಗಸಿಗೆ ಗರ್ಭಕಂಠದಲ್ಲೂ ಶ್ವಾಸಕೋಶದಲ್ಲೂ ಗೆಡ್ಡೆ ಇದೆ ಅಂದುಕೊಳ್ಳಿ. ಎರಡೂ ಬಯಾಪ್ಸಿಯಲ್ಲಿ ಸ್ಮಾಲ್ ಸೆಲ್. ಮೂಲ ಯಾವುದು? ಟಿಟಿಎಫ್1 (ಶ್ವಾಸಕೋಶದ ಜೀವಕೋಶಗಳಲ್ಲಿ ಸಿಗುವ ಪ್ರೋಟೀನ್) ಪಾಸಿಟಿವ್ ಬಂದರೆ ಶ್ವಾಸಕೋಶ, ಪಿ16 ಎಂಬ ಪ್ರೋಟೀನ್ ಬಂದರೆ ಗರ್ಭಕಂಠ ಅಂತ ಕೈ ತಾನಾಗಿ ಬರೆಯುತ್ತದೆ, ಅಲ್ವಾ? ಎರಡೂ ತಪ್ಪು. ಗರ್ಭಕಂಠದ ಸ್ಮಾಲ್ ಸೆಲ್‌ನಲ್ಲೂ ಟಿಟಿಎಫ್1 ಬರಬಹುದು.

ಪಿ16 ವಿಷಯ ನಿಧಾನಕ್ಕೆ ನೋಡೋಣ. ಜೀವಕೋಶದಲ್ಲಿ ಆರ್‌ಬಿ (ಜೀವಕೋಶದ ವಿಭಜನೆಗೆ ಕಡಿವಾಣ ಹಾಕುವ) ಪ್ರೋಟೀನ್ ಕೆಲಸ ಮಾಡುತ್ತಿದ್ದರೆ ಪಿ16 ಕಡಿಮೆ ಇರುತ್ತದೆ. ಆರ್‌ಬಿ ಕೆಟ್ಟರೆ ಪಿ16 ಏರುತ್ತದೆ. ಗರ್ಭಕಂಠದಲ್ಲಿ ಆರ್‌ಬಿಯನ್ನು ಕೆಡಿಸುವುದು ಎಚ್‌ಪಿವಿ ಅನ್ನುವ ವೈರಸ್ಸಿನ ಇ7 ಪ್ರೋಟೀನ್. ಶ್ವಾಸಕೋಶದ ಸ್ಮಾಲ್ ಸೆಲ್‌ನಲ್ಲಿ ವೈರಸ್ಸೇ ಬೇಕಿಲ್ಲ, ಸಾಮಾನ್ಯವಾಗಿ ಆರ್‌ಬಿ1 ಜೀನ್ ತಾನೇ ಹಾಳಾಗಿರುತ್ತದೆ. ದಾರಿ ಎರಡು, ಸ್ಲೈಡ್ ಮೇಲೆ ಕಾಣುವ ಬಣ್ಣ ಒಂದೇ. ಆರ್‌ಬಿ ಕೆಟ್ಟಿದೆ ಅಂತಷ್ಟೇ ಪಿ16 ಹೇಳುತ್ತದೆ. ಕೆಡಿಸಿದ್ದು ಯಾರು ಅಂತ ಹೇಳುವುದಿಲ್ಲ.

ಹಾಗಾಗಿ ಎಚ್‌ಪಿವಿಯನ್ನೇ ನೇರವಾಗಿ ಹುಡುಕಬೇಕು. ಪಿಸಿಆರ್ (ವೈರಸ್ಸಿನ ಡಿಎನ್‌ಎ ಹೆಚ್ಚಿಸಿ ಹುಡುಕುವ ಪರೀಕ್ಷೆ) ಅಥವಾ ಇನ್ ಸೀಟು ಹೈಬ್ರಿಡೈಸೇಷನ್ (ಸ್ಲೈಡ್ ಮೇಲೆ ಜೀವಕೋಶದೊಳಗೇ ಹುಡುಕುವ ಪರೀಕ್ಷೆ) ಸಾಕು. ಇಲ್ಲಿ ಹೆಚ್ಚಾಗಿ ಸಿಗುವುದು ಎಚ್‌ಪಿವಿಯ 18 ಮತ್ತು 16ನೇ ಬಗೆಗಳು. ಶ್ವಾಸಕೋಶದ ತುಂಡಿನಲ್ಲೂ ಅದೇ ವೈರಸ್ ಇದ್ದರೆ ಅದು ಗರ್ಭಕಂಠದಿಂದ ಹರಡಿದ್ದು ಎನ್ನಲು ಗಟ್ಟಿ ಆಧಾರ. ನೆಗೆಟಿವ್ ಬಂದ ಮಾತ್ರಕ್ಕೆ ಗರ್ಭಕಂಠವನ್ನು ಕೈಬಿಡಬೇಡಿ, ಸ್ಕ್ಯಾನ್ ಜೊತೆಗಿಟ್ಟು ಯೋಚಿಸಿ.

ಪ್ಯಾಪ್ ಸ್ಮಿಯರ್ ಈ ಗೆಡ್ಡೆಯನ್ನು ಹಲವು ಸಲ ಹಿಡಿಯುವುದಿಲ್ಲ. ಹರಡಿದೆಯಾ ಅಂತ ನೋಡಲು ಪೆಟ್ ಸಿಟಿ. ಶ್ವಾಸಕೋಶಕ್ಕೆ ಹೋಗಿದ್ದರೆ ಮೆದುಳಿನ ಎಂಆರ್‌ಐ ಕೂಡ.

ಚಿಕಿತ್ಸೆ ಚುಟುಕಾಗಿ: 4 ಸೆಂ.ಮೀ. ಒಳಗಿದ್ದು ಹರಡಿಲ್ಲದಿದ್ದರೆ ರ‍್ಯಾಡಿಕಲ್ ಹಿಸ್ಟರೆಕ್ಟಮಿ (ಗರ್ಭಕೋಶ, ಗರ್ಭಕಂಠ, ಸುತ್ತಲಿನ ಅಂಗಾಂಶ ತೆಗೆಯುವ ಆಪರೇಷನ್), ಆಮೇಲೆ ಸಿಸ್‌ಪ್ಲಾಟಿನ್ ಮತ್ತು ಎಟೊಪೊಸೈಡ್ ಕೀಮೋ. ಈ ಗೆಡ್ಡೆ ರಕ್ತದ ಮೂಲಕ ಬೇಗ ಹರಡುತ್ತದೆ, ಆಪರೇಷನ್ ಒಂದೇ ಸಾಲದು. ದೊಡ್ಡದಿದ್ದರೆ ಇದೇ ಔಷಧಿಗಳ ಜೊತೆ ರೇಡಿಯೇಷನ್. ದೂರಕ್ಕೆ ಹರಡಿದ್ದರೆ ಕೀಮೋ ಮುಖ್ಯ.

ಶ್ವಾಸಕೋಶದ ಸ್ಮಾಲ್ ಸೆಲ್‌ಗೂ ಕೊಡುವುದು ಪ್ಲಾಟಿನಂ, ಎಟೊಪೊಸೈಡ್. ಹಾಗಾದರೆ ಮೂಲ ಹುಡುಕುವ ಗೋಜು ಯಾಕೆ? ರೇಡಿಯೇಷನ್ ಎದೆಗೋ ಸೊಂಟದ ಭಾಗಕ್ಕೋ, ಗರ್ಭಕೋಶ ತೆಗೆಯಬೇಕೋ ಬೇಡವೋ ಅನ್ನುವುದು ನಮ್ಮ ರಿಪೋರ್ಟ್ ನೋಡಿಯೇ ತೀರ್ಮಾನವಾಗುತ್ತದೆ.